ಗೈರುಹಾಜರಿಯೇ ಒಪ್ಪಿಗೆಯಾದಾಗ

ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯೂಟಿಒ, ಹುಟ್ಟಿದ್ದು 1994ರಲ್ಲಿ ಮೊರಾಕೊದ ಮರಕೇಶ್ ನಗರದಲ್ಲಿ ಸಹಿಯಾದ ಒಪ್ಪಂದದಿಂದ. ಆ ಒಪ್ಪಂದದ ಒಂಬತ್ತನೇ ವಿಧಿಗೆ ಒಂದು ಪುಟ್ಟ ಅಡಿಟಿಪ್ಪಣಿ ಇದೆ. ತೀರ್ಮಾನ ಆಗುವ ಹೊತ್ತಿಗೆ ಸಭೆಯಲ್ಲಿ ಹಾಜರಿರುವ ಯಾವ ಸದಸ್ಯರೂ ಅಧಿಕೃತವಾಗಿ ಆಕ್ಷೇಪ ಎತ್ತದಿದ್ದರೆ ಒಮ್ಮತ ಮೂಡಿತು ಎಂದೇ ಲೆಕ್ಕ ಎಂದು ಅದು ಹೇಳುತ್ತದೆ. ಮೊದಲ ಸಲ ಓದಿದಾಗ ಇದರಲ್ಲೇನು ತಪ್ಪು ಅನಿಸುತ್ತದೆ. 'ಹಾಜರಿರುವ' ಎಂಬ ಪದವನ್ನು ಇನ್ನೊಮ್ಮೆ ನೋಡಿ. ಸಭೆಗೆ ಬರಲಾಗದವರೂ ಒಪ್ಪಿದವರ ಲೆಕ್ಕಕ್ಕೇ ಸೇರುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಅಂತ ಹೇಳುತ್ತೇವಲ್ಲ, ಇದು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ.

ಡಬ್ಲ್ಯೂಟಿಒದಲ್ಲಿ ಈಗ 166 ಸದಸ್ಯರಿದ್ದಾರೆ. ಕಾಗದದ ಮೇಲೆ ಎಲ್ಲರೂ ಸಮಾನರು, ಒಬ್ಬರಿಗೆ ಒಂದು ಮತ. ಹಣ ಹಾಕಿದಷ್ಟು ಮತ ಸಿಗುವ ವಿಶ್ವ ಬ್ಯಾಂಕ್ ಅಥವಾ ಐಎಂಎಫ್‌ಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಆದರೆ ಇಲ್ಲಿ ಮತ ಹಾಕುವ ರೂಢಿಯೇ ಇಲ್ಲ. ಎಲ್ಲವೂ ಒಮ್ಮತದಿಂದ ನಡೆಯುತ್ತದೆ. ಒಮ್ಮತ ಎಂದರೆ ಬೇಡ ಅನ್ನುವವರು ಯಾರೂ ಇಲ್ಲದಿರುವುದು. ಬೇಡ ಅನ್ನಬೇಕಾದರೆ ಮೊದಲು ಆ ಕೋಣೆಯಲ್ಲಿ ಇರಬೇಕು, ಮುಂದಿಟ್ಟ ಕಾಗದ ಅರ್ಥವಾಗಿರಬೇಕು, ಆಮೇಲೆ ದೊಡ್ಡವರ ಸಿಟ್ಟು ತಾಳಿಕೊಳ್ಳುವ ಶಕ್ತಿಯೂ ಇರಬೇಕು. ಬಡ ದೇಶಗಳಿಗೆ ಈ ಮೂರೂ ದುಬಾರಿ.

ವ್ಯಾಪಾರ ಮಾತುಕತೆ ನ್ಯಾಯವಾಗಿರಬೇಕು ಎಂದಾಗಲೆಲ್ಲ ಚರ್ಚೆ ಸುಂಕದ ಶೇಕಡಾವಾರಿಗೆ ಹೋಗಿ ನಿಲ್ಲುತ್ತದೆ. ಯಾರು ಎಷ್ಟು ಇಳಿಸಬೇಕು, ಯಾರಿಗೆ ಎಷ್ಟು ವರ್ಷ ರಿಯಾಯಿತಿ, ಹೀಗೆ. ಅದೂ ಮುಖ್ಯವೇ. ಆದರೆ ಆ ಅಂಕಿಗಳು ಬರುವ ಹೊತ್ತಿಗೆ ಆಟ ಮುಕ್ಕಾಲು ಮುಗಿದಿರುತ್ತದೆ. ಕೋಣೆಯೊಳಗೆ ಯಾರಿದ್ದರು, ಮೊದಲ ಕರಡು ಬರೆದದ್ದು ಯಾರು, ಗಡುವು ಇಟ್ಟವರು ಯಾರು, ಮಾತು ತಪ್ಪಿದರೆ ಕೇಳುವವರು ಯಾರು ಎಂಬುದರಲ್ಲೇ ಫಲಿತಾಂಶ ಅಡಗಿದೆ ಎಂಬುದು ನನ್ನ ಅನಿಸಿಕೆ.

ಕೋಣೆಯೊಳಗೆ ಯಾರು?

ಮಾತುಕತೆಯೆಲ್ಲ ನಡೆಯುವುದು ಜಿನೀವಾದಲ್ಲಿ. ಜಗತ್ತಿನ ಅತಿ ದುಬಾರಿ ನಗರಗಳಲ್ಲಿ ಅದೂ ಒಂದು. ಅಲ್ಲಿ ಕಚೇರಿ ಇಡಲಾಗದ ಸದಸ್ಯ ದೇಶಗಳೂ ಇವೆ. ಅಂಥವರನ್ನು ಕರೆಸಿ ವಿಷಯ ತಿಳಿಸಲೆಂದೇ ಡಬ್ಲ್ಯೂಟಿಒ 'ಜಿನೀವಾ ವಾರ' ಎಂಬ ಕಾರ್ಯಕ್ರಮ ನಡೆಸುತ್ತದೆ. ಕಚೇರಿ ಇರುವ ಸಣ್ಣ ದೇಶಗಳ ಪಾಡೂ ಅಷ್ಟಕ್ಕಷ್ಟೇ. ಒಬ್ಬಿಬ್ಬರು ಅಧಿಕಾರಿಗಳು ಬೆಳಿಗ್ಗೆ ಮೀನುಗಾರಿಕೆ ಸಬ್ಸಿಡಿ ಸಭೆಗೆ ಹೋಗಬೇಕು, ಮಧ್ಯಾಹ್ನ ಪೇಟೆಂಟ್ ಚರ್ಚೆಗೆ. ಅದೇ ಊರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೆ, ಕಾರ್ಮಿಕ ಸಂಸ್ಥೆ ಇದೆ, ಮಾನವ ಹಕ್ಕು ಮಂಡಳಿ ಇದೆ. ಎಲ್ಲದಕ್ಕೂ ಅವರೇ. ಎದುರು ಕುಳಿತವರ ಕಡೆ ಒಂದೊಂದು ವಿಷಯಕ್ಕೂ ಪ್ರತ್ಯೇಕ ತಜ್ಞರು, ವಕೀಲರು ಇರುತ್ತಾರೆ. ರಾತ್ರಿ ಬೇಕಾದರೆ ರಾಜಧಾನಿಗೆ ಫೋನ್ ಮಾಡಿ ಲೆಕ್ಕ ಹಾಕಿಸಿಕೊಳ್ಳುತ್ತಾರೆ.

ಇನ್ನು ಗ್ರೀನ್ ರೂಮ್. ಮಹಾನಿರ್ದೇಶಕರ ಸಭಾಕೋಣೆಯ ಬಣ್ಣದಿಂದ ಬಂದ ಹೆಸರಿದು. ಆಯ್ದ ಒಂದಷ್ಟು ದೇಶಗಳನ್ನು ಕರೆದು, ಮಾತಾಡಿ, ಒಂದು ಹದಕ್ಕೆ ತಂದು, ಆಮೇಲೆ ಉಳಿದವರ ಮುಂದೆ ಇಡುವ ಪದ್ಧತಿಗೂ ಈಗ ಅದೇ ಹೆಸರು. ಇದನ್ನು ಪಿತೂರಿ ಎಂದು ಬೈಯುವುದು ಸುಲಭ. ನಾನು ಹಾಗೆ ಬೈಯಲಾರೆ. ನೂರಾರು ಜನ ಕುಳಿತು ಒಂದು ವಾಕ್ಯ ಬರೆಯಲು ಆಗುವುದಿಲ್ಲ, ಸಣ್ಣ ಗುಂಪು ಬೇಕೇ ಬೇಕು. ಆ ಗುಂಪಿಗೆ ಕರೆಯುವವರು ಯಾರು, ಯಾವ ಲೆಕ್ಕದಲ್ಲಿ ಕರೆಯುತ್ತಾರೆ ಎಂಬುದೇ ತಕರಾರು.

1999ರಲ್ಲಿ ಸಿಯಾಟಲ್‌ನಲ್ಲಿ ನಡೆದ ಡಬ್ಲ್ಯೂಟಿಒ ಸಚಿವರ ಸಮ್ಮೇಳನದಲ್ಲಿ ಈ ತಕರಾರು ಸ್ಫೋಟಿಸಿತು. ಬೀದಿಯಲ್ಲಿ ನಡೆದ ಪ್ರತಿಭಟನೆ, ಅಶ್ರುವಾಯುವಿನ ಚಿತ್ರಗಳು ಎಲ್ಲರಿಗೂ ನೆನಪಿವೆ. ಒಳಗೆ ನಡೆದದ್ದು ಅಷ್ಟು ನೆನಪಿಲ್ಲ. ಗ್ರೀನ್ ರೂಮ್‌ಗೆ ಕರೆ ಬರದೆ ಹೊರಗೆ ಕಾದು ಕುಳಿತಿದ್ದ ಆಫ್ರಿಕಾ ಮತ್ತು ಕೆರಿಬಿಯನ್ ದೇಶಗಳ ಸಚಿವರು, ತಮ್ಮನ್ನು ಕೇಳದೆ ಬರೆದ ಕರಡಿಗೆ ಒಮ್ಮತ ಕೊಡುವುದಿಲ್ಲ ಎಂದು ಲಿಖಿತ ಹೇಳಿಕೆ ಕೊಟ್ಟರು. ಸಮ್ಮೇಳನ ಬರಿಗೈಲಿ ಮುಗಿಯಿತು. ಆಮೇಲೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು ಎನ್ನಬೇಕು. ಈಗ ಆಫ್ರಿಕಾ ಗುಂಪು, ಅತಿ ಹಿಂದುಳಿದ ದೇಶಗಳ ಗುಂಪು, ಇಂಡೋನೇಷ್ಯಾ ಮುಂದಾಳತ್ವದ ಜಿ-33 ಮುಂತಾದವುಗಳ ಸಂಯೋಜಕರು ಒಳಗಿರುತ್ತಾರೆ.

ಆದರೂ ಪೆನ್ನು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಉಳಿಯಿತು. 2003ರ ಕಾನ್‌ಕುನ್ ಸಮ್ಮೇಳನ ಇದಕ್ಕೆ ಒಳ್ಳೆಯ ಉದಾಹರಣೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ನಾಲ್ಕು ಬಡ ದೇಶಗಳು, ಅಂದರೆ ಬೆನಿನ್, ಬುರ್ಕಿನಾ ಫಾಸೊ, ಚಾಡ್ ಮತ್ತು ಮಾಲಿ, ಅಲ್ಲಿಗೆ ಒಂದೇ ಒಂದು ಬೇಡಿಕೆ ಹೊತ್ತು ಬಂದಿದ್ದವು. ಶ್ರೀಮಂತ ದೇಶಗಳು ತಮ್ಮ ಹತ್ತಿ ಬೆಳೆಗಾರರಿಗೆ ಸುರಿಯುವ ಸಬ್ಸಿಡಿಯಿಂದ ಹತ್ತಿ ದರ ಬೀಳುತ್ತಿದೆ, ಅದನ್ನು ನಿಲ್ಲಿಸಿ, ಅಲ್ಲಿಯವರೆಗೆ ನಮ್ಮ ರೈತರಿಗೆ ಆದ ನಷ್ಟ ತುಂಬಿಕೊಡಿ. ಅಷ್ಟೇ. ಕರಡು ಹೊರಬಂದಾಗ ಅದರಲ್ಲಿ ಸಬ್ಸಿಡಿ ನಿಲ್ಲಿಸುವ ಮಾತಿರಲಿಲ್ಲ. ಹತ್ತಿಯನ್ನೇ ನೆಚ್ಚಿಕೊಂಡ ದೇಶಗಳು ಬೇರೆ ಕಸುಬುಗಳತ್ತ ಹೊರಳಲು ನೆರವಾಗಬೇಕು ಎಂಬ ಧಾಟಿಯ ಸಲಹೆ ಇತ್ತು. ದೂರು ಕೊಡಲು ಹೋದವನಿಗೆ ನೀನೇ ಕಸುಬು ಬದಲಿಸು ಅಂದ ಹಾಗೆ. ಬ್ರೆಜಿಲ್, ಭಾರತ ಮುಂತಾದವು ಸೇರಿ ಆಗಷ್ಟೇ ಕೃಷಿಗಾಗಿ ಜಿ-20 ಎಂಬ ಕೂಟ ಕಟ್ಟಿದ್ದವು (ಈಗ ಪತ್ರಿಕೆಗಳಲ್ಲಿ ಬರುವ ಜಿ-20 ಬೇರೆ). ಬಂಡವಾಳ ಹೂಡಿಕೆಯಂಥ ಹೊಸ ವಿಷಯಗಳನ್ನು ಮಾತುಕತೆಗೆ ಎಳೆದು ತರುವ ಪ್ರಶ್ನೆಯಲ್ಲಿ ಆ ಸಮ್ಮೇಳನವೂ ಮುರಿದುಬಿತ್ತು.

ಹಳೆಯ ಲೆಕ್ಕದ ಭಾರ

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ನೋಡಿದರೆ 1947ಕ್ಕೆ ಹೋಗಬೇಕಾಗುತ್ತದೆ. ಆ ವರ್ಷ 23 ದೇಶಗಳು ಸೇರಿ ಗ್ಯಾಟ್, ಅಂದರೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ, ಮಾಡಿಕೊಂಡವು. ಸುಂಕದ ಚೌಕಾಸಿ ಹೇಗೆ ನಡೆಯುತ್ತಿತ್ತು ಗೊತ್ತಾ? ಒಂದು ಸರಕನ್ನು ಅತಿ ಹೆಚ್ಚು ಮಾರುವ ದೇಶ, ಅದನ್ನು ಕೊಳ್ಳುವ ದೇಶದ ಜೊತೆ ಕುಳಿತು ಮಾತಾಡುವುದು. ನೀನು ಇದರ ಸುಂಕ ಇಳಿಸು, ನಾನು ಅದರದ್ದು ಇಳಿಸುತ್ತೇನೆ. ಯಾವ ಸರಕಿನಲ್ಲೂ ಮೊದಲ ಸ್ಥಾನದಲ್ಲಿ ಇಲ್ಲದ ಸಣ್ಣ ದೇಶಕ್ಕೆ ಆ ಮೇಜಿನಲ್ಲಿ ಕುರ್ಚಿಯೇ ಇಲ್ಲ. ಕೊಡಲು ದೊಡ್ಡ ಮಾರುಕಟ್ಟೆ ಇಲ್ಲದವನಿಗೆ ಕೇಳಲೂ ಬಾಯಿಲ್ಲ.

ಹೀಗಾಗಿ ಕಾರ್ಖಾನೆಯ ಸರಕುಗಳ ಸುಂಕ ಮಾತುಕತೆಯ ಸುತ್ತಿನಿಂದ ಸುತ್ತಿಗೆ ಇಳಿಯುತ್ತಾ ಹೋಯಿತು. ಬಡ ದೇಶಗಳು ಮಾರಬಲ್ಲ ಎರಡು ಮುಖ್ಯ ಸರಕು, ಕೃಷಿ ಮತ್ತು ಜವಳಿ, ಹೊರಗೇ ಉಳಿದವು. ತನ್ನ ಕೃಷಿಗೆ ನಿಯಮದಿಂದ ವಿನಾಯಿತಿ ಬೇಕೆಂದು ಅಮೆರಿಕ 1955ರಲ್ಲೇ ಪಡೆದುಕೊಂಡಿತು. ಜವಳಿಗೆ 1974ರಲ್ಲಿ ಬಹುನಾರು ಒಪ್ಪಂದ ಎಂಬ ಕೋಟಾ ವ್ಯವಸ್ಥೆ ಬಂತು. ಯಾವ ದೇಶ ಎಷ್ಟು ಅಂಗಿ, ಎಷ್ಟು ಬಟ್ಟೆ ಕಳಿಸಬಹುದು ಎಂದು ಕೊಳ್ಳುವ ದೇಶ ಎಣಿಸಿ ಕೊಡುತ್ತಿತ್ತು. ಮುಕ್ತ ವ್ಯಾಪಾರದ ಪಾಠ ಹೇಳುತ್ತಿದ್ದವರೇ ಇದನ್ನೂ ಮಾಡಿದರು ಅಲ್ವಾ ಎಂದು ಕೇಳಿದರೆ, ಹೌದು, ಅವರೇ.

1986ರಿಂದ 1994ರವರೆಗೆ ನಡೆದ ಉರುಗ್ವೆ ಸುತ್ತಿನಲ್ಲಿ ದೊಡ್ಡ ವಿನಿಮಯ ಆಯಿತು. ಜವಳಿ, ಕೃಷಿ ಎರಡೂ ನಿಯಮದೊಳಗೆ ಬರುತ್ತವೆ, ಬದಲಿಗೆ ಬಡ ದೇಶಗಳು ಪೇಟೆಂಟ್ ಮತ್ತು ಸೇವಾ ವಲಯದ ನಿಯಮ ಒಪ್ಪಬೇಕು. ಪೂರ್ತಿ ಒಪ್ಪಬೇಕು ಇಲ್ಲ ಹೊರಗಿರಬೇಕು, ಬೇಕಾದದ್ದು ಮಾತ್ರ ಆರಿಸಿಕೊಳ್ಳುವಂತಿಲ್ಲ. ಜವಳಿ ಕೋಟಾ ತೆಗೆಯಲು ಹತ್ತು ವರ್ಷ ಇಟ್ಟುಕೊಂಡರು. ಮೊದಲ ವರ್ಷಗಳಲ್ಲಿ ತೆಗೆದದ್ದು ಹೆಚ್ಚಾಗಿ ಕೋಟಾ ಇದ್ದರೂ ಇಲ್ಲದಿದ್ದರೂ ನಡೆಯುವಂಥ ಸರಕುಗಳದ್ದು. ನಿಜವಾಗಿ ಕುತ್ತಿಗೆ ಹಿಡಿದಿದ್ದ ಕೋಟಾಗಳು 2004ರ ಕೊನೆಯ ದಿನದವರೆಗೂ ಉಳಿದವು.

ಕೃಷಿಯಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊರಗಿನಿಂದ ನಿಷ್ಪಕ್ಷಪಾತಿಯಂತೆ ಕಾಣುವ ನಿಯಮ ಒಳಗೆ ಹೇಗೆ ವಾಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ವ್ಯಾಪಾರವನ್ನು ತಿರುಚುವ ಸಬ್ಸಿಡಿ ಕಡಿಮೆ ಮಾಡಬೇಕು ಎಂಬುದು ನಿಯಮ. ಆಧಾರ ವರ್ಷಗಳಲ್ಲಿ ಯಾರು ಎಷ್ಟು ಕೊಡುತ್ತಿದ್ದರೋ ಅದರಿಂದ ಒಂದು ಪಾಲು ಇಳಿಸಬೇಕು. ಸರಿ. ಆದರೆ ಇಳಿಸಿದ ಮೇಲೆ ಉಳಿದದ್ದು ಕೊಡುವ ಹಕ್ಕಾಗಿ ಬದಲಾಯಿತು. ಅಮೆರಿಕಕ್ಕೆ ವರ್ಷಕ್ಕೆ 1,910 ಕೋಟಿ ಡಾಲರ್ ಕೊಡುವ ಹಕ್ಕು ಹೀಗೆ ಸಿಕ್ಕಿತು. ಮೊದಲಿನಿಂದಲೂ ಕೊಡಲು ಕಾಸಿಲ್ಲದ ದೇಶಕ್ಕೆ ಇಳಿಸಲೂ ಏನಿರಲಿಲ್ಲ, ಹಾಗಾಗಿ ಹಕ್ಕೂ ಇಲ್ಲ. ಅವರಿಗೆ ಬೆಳೆಯ ಮೌಲ್ಯದ ಶೇ 10ರಷ್ಟು ಮಿತಿ ಮಾತ್ರ. ಜಾಸ್ತಿ ತಪ್ಪು ಮಾಡಿದವನಿಗೆ ಜಾಸ್ತಿ ಅವಕಾಶ ಕೊಟ್ಟಂತಾಯಿತು.

ಆ ಶೇ 10ರ ಲೆಕ್ಕದಲ್ಲೂ ಒಂದು ಕೊಕ್ಕೆ ಇದೆ. ಸರ್ಕಾರ ರೈತರಿಂದ ನಿಗದಿತ ಬೆಲೆಗೆ ಧಾನ್ಯ ಕೊಂಡು ಸಂಗ್ರಹಿಸಿದರೆ, ಆ ಬೆಲೆಯನ್ನು 1986ರಿಂದ 88ರವರೆಗಿನ ಅಂತರರಾಷ್ಟ್ರೀಯ ಬೆಲೆಗೆ ಹೋಲಿಸಬೇಕು. ಇವತ್ತಿನ ಬೆಲೆಗಲ್ಲ! ಸುಮ್ನೆ ಒಂದು ಲೆಕ್ಕ ಹಾಕಿ. ಅಂದು ಒಂದು ಮೂಟೆಗೆ 100 ಇತ್ತು ಎನ್ನಿ. ಇಂದು ಮಾರುಕಟ್ಟೆಯಲ್ಲಿ 500. ಸರ್ಕಾರವೂ 500ಕ್ಕೇ ಕೊಂಡರೆ ರೈತನಿಗೆ ಒಂದು ಪೈಸೆಯೂ ಸಬ್ಸಿಡಿ ಸಿಕ್ಕಿಲ್ಲ. ನಿಯಮದ ಪುಸ್ತಕದಲ್ಲಿ ಮಾತ್ರ 400 ಸಬ್ಸಿಡಿ ಎಂದು ದಾಖಲಾಗುತ್ತದೆ. ಹಣದುಬ್ಬರ ಎಂಬುದೊಂದು ಇದೆ ಎನ್ನುವುದನ್ನೇ ಈ ಸೂತ್ರ ಮರೆತಿದೆ.

2013ರ ಡಿಸೆಂಬರ್‌ನಲ್ಲಿ ಬಾಲಿ ಸಮ್ಮೇಳನದಲ್ಲಿ ಇದಕ್ಕೆ ತೇಪೆ ಹಾಕಿದರು. ಆಹಾರ ದಾಸ್ತಾನಿನ ಕಾರ್ಯಕ್ರಮಗಳು ಮಿತಿ ಮೀರಿದರೂ ಯಾರೂ ದೂರು ಹಾಕುವುದಿಲ್ಲ ಎಂಬ ಭರವಸೆ ಅದು. 'ಶಾಂತಿ ಷರತ್ತು' ಎಂದು ಅದಕ್ಕೆ ಹೆಸರು. ಭಾರತ ತನ್ನ ಅಕ್ಕಿ ಖರೀದಿಗೆ ಅದನ್ನು ಬಳಸಿಕೊಂಡಿದೆ. ಆದರೆ ಆ ರಕ್ಷಣೆ ಅಂದಿಗೆ ಚಾಲ್ತಿಯಲ್ಲಿದ್ದ ಕಾರ್ಯಕ್ರಮಗಳಿಗೆ ಮಾತ್ರ. ಆಮೇಲೆ ಶುರು ಮಾಡಬೇಕೆಂದಿರುವ ಇನ್ನೊಂದು ಬಡ ದೇಶಕ್ಕೆ ಅದು ಸಿಗದು. ನಾಲ್ಕು ವರ್ಷದೊಳಗೆ ಶಾಶ್ವತ ಪರಿಹಾರ ಎಂದಿದ್ದರು. 2017 ಬಂತು, ಹೋಯಿತು, ಪರಿಹಾರ ಬರಲಿಲ್ಲ.

ಗೆದ್ದರೂ ಕೈಗೆ ಬಾರದ ನ್ಯಾಯ

ನಿಯಮ ಮುರಿದರೆ ದೂರು ಕೊಡಬಹುದಲ್ಲ ಎನ್ನಬಹುದು. ಕೊಡಬಹುದು. ಬ್ರೆಜಿಲ್ ಕೊಟ್ಟಿತು. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ 2002ರಲ್ಲಿ ದೂರು ಹಾಕಿ 2005ರಲ್ಲಿ ಮೇಲ್ಮನವಿ ಹಂತದಲ್ಲೂ ಗೆದ್ದಿತು. ಅಮೆರಿಕ ಪೂರ್ತಿ ಬಗ್ಗಲಿಲ್ಲ. ಹಾಗಾದರೆ ನಿಮ್ಮ ಪೇಟೆಂಟ್‌ಗಳ ಮೇಲೂ ಕೈ ಹಾಕುತ್ತೇವೆ ಎಂದು ಬ್ರೆಜಿಲ್ ಹೆದರಿಸಿತು. ಆಗ ಆದ ರಾಜಿ ವಿಚಿತ್ರವಾಗಿತ್ತು. ಅಮೆರಿಕ 2010ರಿಂದ ಬ್ರೆಜಿಲ್‌ನ ಹತ್ತಿ ವಲಯಕ್ಕೇ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ತನ್ನ ರೈತರಿಗೆ ಕೊಡುವ ಸಬ್ಸಿಡಿ ಉಳಿಸಿಕೊಳ್ಳಲು ಪರದೇಶದ ರೈತರಿಗೂ ಹಣ ಕೊಟ್ಟ ಹಾಗಾಯಿತು. ಬೆನಿನ್, ಮಾಲಿಗಳ ರೈತರಿಗೆ ಇದರಲ್ಲಿ ಏನೂ ಬರಲಿಲ್ಲ. ಅವರ ದೇಶಗಳ ಕೈಯಲ್ಲಿ ಹೆದರಿಸಲು ಏನೂ ಇರಲಿಲ್ಲ.

ಆಂಟಿಗುವಾ ಮತ್ತು ಬರ್ಬುಡಾ ಎಂಬ ದ್ವೀಪ ದೇಶದ ಕಥೆ ಇನ್ನೂ ಸ್ಪಷ್ಟ. ಸುಮಾರು ಒಂದು ಲಕ್ಷ ಜನ ಅಲ್ಲಿದ್ದಾರೆ. ಆನ್‌ಲೈನ್ ಜೂಜಿನ ಸೇವೆಯನ್ನು ಅಮೆರಿಕ ತಡೆದದ್ದು ಒಪ್ಪಂದಕ್ಕೆ ವಿರುದ್ಧ ಎಂದು ಅದು 2003ರಲ್ಲಿ ದೂರು ಕೊಟ್ಟು ಗೆದ್ದಿತು. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್‌ನಷ್ಟು ಪ್ರತೀಕಾರ ಮಾಡುವ ಹಕ್ಕು ಸಿಕ್ಕಿತು. ಪ್ರತೀಕಾರ ಹೇಗೆ? ಅಮೆರಿಕದ ಸರಕಿಗೆ ಸುಂಕ ಹಾಕಿದರೆ ಆಂಟಿಗುವಾದ ಜನರೇ ದುಬಾರಿ ಬೆಲೆ ಕೊಟ್ಟು ಕೊಳ್ಳಬೇಕು. ಅಮೆರಿಕಕ್ಕೆ ಸೊಳ್ಳೆ ಕಚ್ಚಿದಷ್ಟೂ ಆಗುವುದಿಲ್ಲ. ಜೂಜು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಮಾತು. ತೀರ್ಪು ಕೈಯಲ್ಲಿದ್ದೂ ಪರಿಹಾರ ಸಿಗಲಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

ಇದಕ್ಕೆ ಮದ್ದು ಹೊಸದೇನೂ ಅಲ್ಲ. ಗೆದ್ದ ಬಡ ದೇಶಕ್ಕೆ ಸುಂಕದ ಬದಲು ನಗದು ಪರಿಹಾರ ಕೊಡಿ, ಅಥವಾ ಎಲ್ಲ ಸದಸ್ಯರೂ ಒಟ್ಟಾಗಿ ಪ್ರತೀಕಾರ ಮಾಡಲಿ ಎಂದು ಬ್ರೆಜಿಲ್ ಮತ್ತು ಉರುಗ್ವೆ 1965ರಲ್ಲೇ ಕೇಳಿದ್ದವು. ಅರವತ್ತು ವರ್ಷ ಆಯಿತು. ಪ್ರತೀಕಾರದ ಹಕ್ಕನ್ನು ಬೇರೆ ದೇಶಕ್ಕೆ ಮಾರಲು ಬಿಡಿ ಎಂದು ಮೆಕ್ಸಿಕೊ 2002ರಲ್ಲಿ ಸೂಚಿಸಿತು. ಅದೂ ಕಡತದಲ್ಲೇ ಇದೆ. ಆದ ಒಳ್ಳೆಯ ಕೆಲಸ ಒಂದು: 2001ರಲ್ಲಿ ಜಿನೀವಾದಲ್ಲಿ ಬಡ ದೇಶಗಳಿಗೆಂದೇ ಒಂದು ಕಾನೂನು ಸಲಹಾ ಕೇಂದ್ರ ತೆರೆದರು. ಕಡಿಮೆ ಶುಲ್ಕಕ್ಕೆ ಅಲ್ಲಿ ನುರಿತ ವಕೀಲರು ಸಿಗುತ್ತಾರೆ. ಆದರೂ ಅತಿ ಹಿಂದುಳಿದ ದೇಶಗಳ ಪೈಕಿ ಇಲ್ಲಿಯವರೆಗೆ ಡಬ್ಲ್ಯೂಟಿಒದಲ್ಲಿ ದೂರು ದಾಖಲಿಸಿದ್ದು ಬಾಂಗ್ಲಾದೇಶ ಒಂದೇ. 2004ರಲ್ಲಿ, ಬ್ಯಾಟರಿ ಸುಂಕದ ಬಗ್ಗೆ, ಭಾರತದ ವಿರುದ್ಧ. ಭಾರತ ಆ ಸುಂಕ ಹಿಂತೆಗೆದುಕೊಂಡಿತು.

ಅಷ್ಟರಲ್ಲಿ ಮೇಲ್ಮನವಿ ಪೀಠವೇ ಕುಸಿಯಿತು. ಏಳು ಸದಸ್ಯರ ಪೀಠಕ್ಕೆ ಹೊಸ ನೇಮಕವಾಗದಂತೆ ಅಮೆರಿಕ ವರ್ಷಗಟ್ಟಲೆ ತಡೆಯಿತು. 2019ರ ಡಿಸೆಂಬರ್‌ನಿಂದ ಅಲ್ಲಿ ಕೇಳುವವರಿಲ್ಲ. ಸೋತವರು ಮೇಲ್ಮನವಿ ಹಾಕಿದರೆ ಸಾಕು, ಕಡತ ಅಲ್ಲೇ ನಿಲ್ಲುತ್ತದೆ. ಐರೋಪ್ಯ ಒಕ್ಕೂಟ, ಚೀನಾ, ಬ್ರೆಜಿಲ್ ಮುಂತಾದವು 2020ರಲ್ಲಿ ತಮ್ಮತಮ್ಮಲ್ಲೇ ಒಂದು ಬದಲಿ ವ್ಯವಸ್ಥೆ ಮಾಡಿಕೊಂಡಿವೆ. ಅಮೆರಿಕವೂ ಭಾರತವೂ ಅದರಲ್ಲಿಲ್ಲ.

ಹಕ್ಕು ಕಾಗದದಲ್ಲಿದ್ದರೆ ಸಾಲದು ಎಂಬುದು ಔಷಧದ ವಿಚಾರದಲ್ಲೂ ಕಂಡದ್ದೇ. ಏಡ್ಸ್ ಔಷಧ ಅಗ್ಗವಾಗಿ ಸಿಗುವಂತೆ ಕಾನೂನು ಮಾಡಿದ ದಕ್ಷಿಣ ಆಫ್ರಿಕಾದ ಮೇಲೆ 39 ಔಷಧ ಕಂಪನಿಗಳು ಮೊಕದ್ದಮೆ ಹೂಡಿದ್ದವು. ಜಗತ್ತಿನ ಛೀಮಾರಿಗೆ ಹೆದರಿ 2001ರಲ್ಲಿ ಹಿಂತೆಗೆದುಕೊಂಡವು. ಅದೇ ವರ್ಷ ಡಬ್ಲ್ಯೂಟಿಒದ ದೋಹಾ ಸಮ್ಮೇಳನದಲ್ಲಿ, ಜನರ ಆರೋಗ್ಯಕ್ಕಾಗಿ ಪೇಟೆಂಟ್ ಪಕ್ಕಕ್ಕಿಡುವ ಹಕ್ಕು ದೇಶಗಳಿಗಿದೆ ಎಂದು ಸ್ಪಷ್ಟವಾಗಿ ಬರೆದರು. ಸ್ವಂತ ಕಾರ್ಖಾನೆ ಇಲ್ಲದ ದೇಶ ಬೇರೆ ಕಡೆಯಿಂದ ಮಾಡಿಸಿ ತರಿಸಿಕೊಳ್ಳಬಹುದು ಎಂದು 2003ರಲ್ಲಿ ದಾರಿಯನ್ನೂ ಮಾಡಿಕೊಟ್ಟರು. ಆ ದಾರಿಯ ತುಂಬ ಎಷ್ಟು ಅರ್ಜಿ, ಎಷ್ಟು ಷರತ್ತು ಎಂದರೆ, ರುವಾಂಡಾ 2007ರಲ್ಲಿ ಅರ್ಜಿ ಹಾಕಿ ಕೆನಡಾದಿಂದ ಔಷಧ ತರಿಸಿಕೊಂಡದ್ದು ಬಿಟ್ಟರೆ ಆ ದಾರಿಯಲ್ಲಿ ಬೇರೆ ಯಾರಿಗೂ ಔಷಧ ಬರಲಿಲ್ಲ.

ಕೆಲಸ ಮಾಡಿದ ಒಂದು ಒಪ್ಪಂದ

ಬರೀ ಕೊರಗಿನ ಪಟ್ಟಿ ಮಾಡುತ್ತಾ ಹೋದರೆ ಅದೂ ಅರ್ಧಸತ್ಯವೇ. ಬಾಲಿಯಲ್ಲಿ ಒಪ್ಪಿಗೆಯಾಗಿ 2017ರಲ್ಲಿ ಜಾರಿಗೆ ಬಂದ ವ್ಯಾಪಾರ ಸುಗಮಗೊಳಿಸುವ ಒಪ್ಪಂದ ನೋಡಿ. ಬಂದರಿನಲ್ಲಿ, ಗಡಿಯಲ್ಲಿ ಕಸ್ಟಮ್ಸ್ ಕೆಲಸ ಬೇಗ ಮುಗಿಸುವ ಬಗ್ಗೆ ಇರುವ ಒಪ್ಪಂದ ಅದು. ವಿಷಯ ನೀರಸ. ಆದರೆ ಅದರ ರಚನೆ ಜಾಣತನದ್ದು. ಪ್ರತಿ ಬಡ ದೇಶವೂ ಒಪ್ಪಂದದ ಕಲಮುಗಳನ್ನು ತಾನೇ ಮೂರು ಗುಂಪಾಗಿ ವಿಂಗಡಿಸುತ್ತದೆ. ಇವನ್ನು ಈಗಲೇ ಮಾಡುತ್ತೇನೆ, ಇವಕ್ಕೆ ಸಮಯ ಬೇಕು, ಇವಕ್ಕೆ ಸಮಯದ ಜೊತೆ ನೆರವೂ ಬೇಕು. ಮೂರನೇ ಗುಂಪಿನಲ್ಲಿ, ಮಾಡುವ ಶಕ್ತಿ ಬಾರದಿದ್ದರೆ ಹೊಣೆಯೂ ಬೀಳುವುದಿಲ್ಲ.

ಹಳೆಯ ರೀತಿಯ ರಿಯಾಯಿತಿಗೆ ಇದನ್ನು ಹೋಲಿಸಿ. ಎಲ್ಲರಿಗೂ ಒಂದೇ ನಿಯಮ, ಬಡವರಿಗೆ ಐದು ವರ್ಷ ಹೆಚ್ಚು ಗಡುವು. ಐದು ವರ್ಷದಲ್ಲಿ ಕಸ್ಟಮ್ಸ್ ಕಂಪ್ಯೂಟರ್ ತಾನಾಗಿ ಬಂದುಬಿಡುತ್ತದೆ ಎಂಬ ನಂಬಿಕೆ. ಹೊಣೆಯನ್ನು ಶಕ್ತಿಗೆ ಕಟ್ಟುವ ಹೊಸ ಮಾದರಿಯನ್ನು ಬೇರೆ ಮಾತುಕತೆಗಳಿಗೂ ತರಬೇಕು ಎಂಬುದು ನನ್ನ ವಾದ. ದೊಡ್ಡ ದೇಶಗಳು ಕಸ್ಟಮ್ಸ್ ವಿಚಾರದಲ್ಲಿ ಇದಕ್ಕೆ ಒಪ್ಪಿದ್ದು ತಮಗೂ ಲಾಭವಿತ್ತು ಎಂದೇ, ನಿಜ. ಪೇಟೆಂಟ್ ವಿಚಾರದಲ್ಲಿ ಅಷ್ಟು ಸುಲಭವಾಗಿ ಒಪ್ಪಲಾರರು.

ಸಣ್ಣ ಅಕ್ಷರದ ನಿಯಮಗಳಿಗೂ ಎಷ್ಟು ತೂಕವಿದೆ ಎಂಬುದಕ್ಕೆ ಇನ್ನೊಂದು ಸಂಗತಿ. ಐರೋಪ್ಯ ಒಕ್ಕೂಟ ಅತಿ ಹಿಂದುಳಿದ ದೇಶಗಳ ಬಟ್ಟೆಗೆ ಸುಂಕ ವಿನಾಯಿತಿ ಕೊಟ್ಟಿತ್ತು. ಆದರೆ ಬಟ್ಟೆ ನೇಯ್ದದ್ದೂ ಅಲ್ಲೇ, ಹೊಲಿದದ್ದೂ ಅಲ್ಲೇ ಆಗಿರಬೇಕು ಎಂಬ ಷರತ್ತಿತ್ತು. ಹೊರಗಿನ ಬಟ್ಟೆ ತಂದು ಹೊಲಿಯುವವರಿಗೆ ಆ ವಿನಾಯಿತಿ ಕನ್ನಡಿಯೊಳಗಿನ ಗಂಟು. 2011ರಲ್ಲಿ ಹೊಲಿಗೆ ಒಂದೇ ಸಾಕು ಎಂದು ತಿದ್ದಿದರು. ಬಾಂಗ್ಲಾದೇಶದ ಸಿದ್ಧ ಉಡುಪಿಗೆ ಅದರಿಂದ ಬಹಳ ಅನುಕೂಲವಾಯಿತು. ಸುಂಕದ ಅಂಕಿ ಮುಂಚೆಯೂ ಸೊನ್ನೆ, ಆಮೇಲೂ ಸೊನ್ನೆ. ಬದಲಾದದ್ದು ಷರತ್ತು ಮಾತ್ರ.

ಬಡವ ಎಂದರೆ ಯಾರು?

ಇಲ್ಲಿ ಬಡ ದೇಶಗಳ ಕಡೆಯವರೂ ಎದುರಿಸಬೇಕಾದ ಇರಿಸುಮುರಿಸಿನ ಪ್ರಶ್ನೆ ಇದೆ. ಡಬ್ಲ್ಯೂಟಿಒದಲ್ಲಿ 'ಅಭಿವೃದ್ಧಿಶೀಲ ದೇಶ' ಎಂಬುದು ಸ್ವಂತ ಘೋಷಣೆ. ನಾನು ಅಭಿವೃದ್ಧಿಶೀಲ ಎಂದರೆ ಆಯಿತು. ಹೀಗಾಗಿ ಚೀನಾ, ಭಾರತ, ಸಿಂಗಾಪುರ, ಆಫ್ರಿಕಾದ ಪುಟ್ಟ ಬಡ ದೇಶ ಲೆಸೊಥೊ ಎಲ್ಲವೂ ಒಂದೇ ಹಣೆಪಟ್ಟಿಯಡಿ ಬಂದವು. ಇದರಿಂದ ದೊಡ್ಡವರಿಗೆ ಮುಸುಕು ಸಿಕ್ಕಿತು. ಶ್ರೀಮಂತ ದೇಶಗಳಿಗೆ ಯಾರಿಗೂ ಏನೂ ಕೊಡದಿರಲು ನೆಪ ಸಿಕ್ಕಿತು. ದಕ್ಷಿಣ ಕೊರಿಯಾ ಮತ್ತು ಬ್ರೆಜಿಲ್ 2019ರಲ್ಲಿ, ಚೀನಾ 2025ರ ಸೆಪ್ಟೆಂಬರ್‌ನಲ್ಲಿ, ಮುಂದಿನ ಮಾತುಕತೆಗಳಲ್ಲಿ ಹೊಸ ರಿಯಾಯಿತಿ ಕೇಳುವುದಿಲ್ಲ ಎಂದು ಹೇಳಿವೆ.

ಹಣೆಪಟ್ಟಿ ಬಿಟ್ಟು ವಿಷಯವಾರು ಅಳತೆಗೋಲು ಇಡುವುದು ವಾಸಿ. ಅದಕ್ಕೆ ಪೂರ್ವ ಉದಾಹರಣೆಯೂ ಇದೆ. ರಫ್ತು ಸಬ್ಸಿಡಿಯ ನಿಯಮದಲ್ಲಿ ತಲಾ ಆದಾಯ 1,000 ಡಾಲರ್ ದಾಟುವವರೆಗೆ ಕೆಲವು ದೇಶಗಳಿಗೆ ವಿನಾಯಿತಿ ಎಂದಿದೆ. ಭಾರತ ಆ ಗೆರೆ ದಾಟಿತು, ಅಮೆರಿಕ ದೂರು ಕೊಟ್ಟಿತು, 2019ರ ತೀರ್ಪು ಭಾರತದ ವಿರುದ್ಧ ಬಂತು. ಕಹಿ ಇರಬಹುದು, ಆದರೆ ಗೆರೆ ಎಲ್ಲಿದೆ ಎಂದು ಮೊದಲೇ ಗೊತ್ತಿತ್ತು. ಗೆರೆ ದಾಟಿದ ಕೂಡಲೇ ಕೈಬಿಡುವುದೂ ತಪ್ಪು. ಬಾಂಗ್ಲಾದೇಶ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆ 2021ರಲ್ಲಿ ಐದು ವರ್ಷದ ಗಡುವು ಕೊಟ್ಟಿತು. ಹೊರಬಂದ ಮೇಲೂ ಮೂರು ವರ್ಷ ಸುಂಕ ವಿನಾಯಿತಿ ಉಳಿಯುತ್ತದೆ ಎಂದು ಐರೋಪ್ಯ ಒಕ್ಕೂಟ ಹೇಳಿದೆ. ಏಣಿಯನ್ನು ಒಮ್ಮೆಲೇ ಎಳೆಯದೆ ಮೆಟ್ಟಿಲು ಮೆಟ್ಟಿಲಾಗಿ ತೆಗೆಯುವ ರೀತಿ ಇದು.

ಬಡ ದೇಶಗಳದ್ದು ಒಂದೇ ದನಿ ಎಂಬುದೂ ಭ್ರಮೆ. 2024ರಲ್ಲಿ ಅಬುಧಾಬಿಯಲ್ಲಿ ಹೂಡಿಕೆ ಸುಗಮಗೊಳಿಸುವ ಒಪ್ಪಂದವನ್ನು ಡಬ್ಲ್ಯೂಟಿಒ ಒಳಗೆ ತರಲು 120ಕ್ಕೂ ಹೆಚ್ಚು ಸದಸ್ಯರು ಸಿದ್ಧರಿದ್ದರು. ಅವರಲ್ಲಿ ಬಹಳಷ್ಟು ಬಡ ದೇಶಗಳೂ ಇದ್ದವು. ಭಾರತ, ದಕ್ಷಿಣ ಆಫ್ರಿಕಾ, ಟರ್ಕಿ ತಡೆದವು. ಆಸಕ್ತರು ಮಾತ್ರ ಸೇರಿ ನಿಯಮ ಬರೆದರೆ ಒಮ್ಮತದ ರಕ್ಷಣೆ ಸಡಿಲವಾಗುತ್ತದೆ ಎಂಬ ಭಾರತದ ಆತಂಕದಲ್ಲಿ ಹುರುಳಿದೆ. ಆದರೆ ಒಮ್ಮತವನ್ನು ತಡೆಯುವ ಧೈರ್ಯ ಭಾರತಕ್ಕಿದೆ, ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಟೋಗೊಗೆ ಇಲ್ಲ. ದೊಡ್ಡ ಬಡವರ ಬಳಿ ಇರುವ ಆಯುಧವನ್ನು ಎಲ್ಲ ಬಡವರ ಆಯುಧ ಎಂದು ಕರೆಯುವುದು ಎಷ್ಟು ಸರಿ?

ಒಬ್ಬೊಬ್ಬರಾಗಿ ಕರೆದಾಗ

2025ರ ಏಪ್ರಿಲ್ 2ರಂದು ಅಮೆರಿಕ ಹೊಸ ಸುಂಕದ ಪಟ್ಟಿ ಪ್ರಕಟಿಸಿತು. ಲೆಸೊಥೊಗೆ ಶೇ 50. ಕಾಂಬೋಡಿಯಾಕ್ಕೆ 49, ಮಡಗಾಸ್ಕರ್‌ಗೆ 47, ಶ್ರೀಲಂಕಾಕ್ಕೆ 44. ಸೂತ್ರ ಸರಳ. ಆ ದೇಶದೊಂದಿಗೆ ಅಮೆರಿಕಕ್ಕಿರುವ ಸರಕು ವ್ಯಾಪಾರದ ಕೊರತೆಯನ್ನು ಅಲ್ಲಿಂದ ಬರುವ ಆಮದಿನಿಂದ ಭಾಗಿಸಿ, ಬಂದದ್ದನ್ನು ಅರ್ಧ ಮಾಡುವುದು. ಲೆಸೊಥೊ ಜೀನ್ಸ್ ಮತ್ತು ವಜ್ರ ಮಾರುತ್ತದೆ, ಅಮೆರಿಕದಿಂದ ಕೊಳ್ಳುವುದು ತೀರಾ ಕಡಿಮೆ. ಯಾಕೆ? ಕೊಳ್ಳಲು ಅಲ್ಲಿನ ಜನರ ಬಳಿ ಹಣವಿಲ್ಲ. ಬಡತನವನ್ನೇ ಮೋಸ ಎಂದು ಲೆಕ್ಕ ಹಾಕಿದ ಸೂತ್ರ ಇದು. ಆಮೇಲೆ ಲೆಸೊಥೊ ಮೇಲಿನ ಸುಂಕವನ್ನು ಶೇ 15ಕ್ಕೆ ಇಳಿಸಿದರು. ಅಷ್ಟರೊಳಗೆ ಖರೀದಿದಾರರು ಆರ್ಡರ್ ನಿಲ್ಲಿಸಿ, ಉಡುಪು ಕಾರ್ಮಿಕರು ಕೆಲಸ ಕಳೆದುಕೊಂಡಿದ್ದರು.

ಈ ಪಟ್ಟಿ ಬಂದ ಮೇಲೆ ದೇಶಗಳು ಒಬ್ಬೊಬ್ಬರಾಗಿ ವಾಷಿಂಗ್ಟನ್‌ಗೆ ಓಡಿದವು. ಡಬ್ಲ್ಯೂಟಿಒವನ್ನು ಇಷ್ಟು ಹೊತ್ತು ಟೀಕಿಸಿದ ನಾನು ಅದರ ಬೆಲೆ ಹೇಳಬೇಕಾದದ್ದು ಇಲ್ಲೇ. ಅಲ್ಲಿ 'ಪರಮಾಪ್ತ ರಾಷ್ಟ್ರ' ಎಂಬ ತತ್ವವಿದೆ. ಹೆಸರು ಕೇಳಿದರೆ ಯಾರಿಗೋ ವಿಶೇಷ ಮರ್ಯಾದೆ ಅನಿಸುತ್ತದೆ, ಅರ್ಥ ತದ್ವಿರುದ್ಧ. ಒಬ್ಬರಿಗೆ ಕೊಟ್ಟ ಸುಂಕವನ್ನು ಎಲ್ಲರಿಗೂ ಕೊಡಬೇಕು. ಜಪಾನ್ ಚೌಕಾಸಿ ಮಾಡಿ ಪಡೆದದ್ದು ಲೆಸೊಥೊಗೂ ಪುಕ್ಕಟೆ ಸಿಗುತ್ತದೆ. ಸಣ್ಣ ದೇಶಕ್ಕೆ ಇದಕ್ಕಿಂತ ದೊಡ್ಡ ಗುರಾಣಿ ಬೇರೆ ಇಲ್ಲ. ಒಬ್ಬರಿಗೊಬ್ಬರು ಎದುರು ಕುಳಿತ ಮಾತುಕತೆಯಲ್ಲಿ ಆ ಗುರಾಣಿ ಕೈಯಲ್ಲಿರುವುದಿಲ್ಲ.

ಅಂಥ ಮಾತುಕತೆಯಲ್ಲಿ ಗಡಿಯಾರವೂ ಆಯುಧವೇ. ಐರೋಪ್ಯ ಒಕ್ಕೂಟ ತನ್ನ ಹಳೆಯ ವಸಾಹತುಗಳಿಗೆ ಕೊಟ್ಟಿದ್ದ ರಿಯಾಯಿತಿಯ ಅವಧಿ 2007ರ ಕೊನೆಗೆ ಮುಗಿಯಲಿತ್ತು. ಅಷ್ಟರೊಳಗೆ ಹೊಸ ಒಪ್ಪಂದಕ್ಕೆ ಬಾರದಿದ್ದರೆ ಸುಂಕ ಏರುತ್ತದೆ. ಡಿಸೆಂಬರ್ ಹತ್ತಿರವಾದಂತೆ ಒಟ್ಟಿಗೆ ಮಾತಾಡುತ್ತಿದ್ದ ಆಫ್ರಿಕಾದ ಗುಂಪುಗಳು ಒಡೆದವು. ರಫ್ತು ಉಳಿಸಿಕೊಳ್ಳಬೇಕಾದ ದೇಶಗಳು ಒಂಟಿಯಾಗಿ ಮಧ್ಯಂತರ ಒಪ್ಪಂದಕ್ಕೆ ಒಪ್ಪಿದವು.

ಹಾಗಾಗಿ ಒಟ್ಟಾಗಿ ಕೂರುವ ವ್ಯವಸ್ಥೆಗೆ ಹಣ ಹಾಕುವುದು ಬಡ ದೇಶಗಳಿಗೆ ಅತ್ಯಂತ ಲಾಭದ ಹೂಡಿಕೆ ಎಂದು ನಾನು ನಂಬುತ್ತೇನೆ. ಕೆರಿಬಿಯನ್ ದೇಶಗಳು 1997ರಲ್ಲೇ ಮಾತುಕತೆಗೆಂದು ಒಂದು ಜಂಟಿ ಕಚೇರಿ ಕಟ್ಟಿದವು. ಪೂರ್ವ ಕೆರಿಬಿಯನ್‌ನ ಪುಟ್ಟ ದ್ವೀಪಗಳಿಗೂ ಪೆಸಿಫಿಕ್ ದ್ವೀಪಗಳಿಗೂ ಜಿನೀವಾದಲ್ಲಿ ಹಂಚಿಕೊಂಡ ಕಚೇರಿಗಳಿವೆ. ಗೈರುಹಾಜರಿಗೆ ಇದೇ ನೇರ ಉತ್ತರ. ಅದರ ಜೊತೆಗೆ ನಿಯಮವನ್ನೂ ತಿದ್ದಬಹುದು. ಕೊನೆಯ ಕರಡು ಎಲ್ಲರ ರಾಜಧಾನಿ ತಲುಪಿ ಇಂತಿಷ್ಟು ದಿನ ಆಗುವವರೆಗೆ ಒಮ್ಮತ ಘೋಷಿಸುವಂತಿಲ್ಲ ಎಂದರೆ ಸಾಕು, ಬೆಳಗಿನ ಜಾವ ಮೂರು ಗಂಟೆಗೆ ಕಾಗದ ಕೊಟ್ಟು ಐದಕ್ಕೆ ಸುತ್ತಿಗೆ ಬಡಿಯುವ ಚಾಳಿಗೆ ಕಡಿವಾಣ ಬೀಳುತ್ತದೆ.

ಇನ್ನು ಮನೆಯೊಳಗಿನ ಕೆಲಸ. ಜಿನೀವಾದಲ್ಲಿ ಪಾರದರ್ಶಕತೆ ಕೇಳುವ ಎಷ್ಟೋ ಸರ್ಕಾರಗಳು ತಮ್ಮ ರೈತರಿಗೆ, ಸಣ್ಣ ಕಾರ್ಖಾನೆಯವರಿಗೆ, ಕೊನೆಗೆ ತಮ್ಮ ಸಂಸತ್ತಿಗೂ ಕರಡು ತೋರಿಸುವುದಿಲ್ಲ. ಯಾವ ಸರಕಿನ ಸುಂಕ ಇಳಿದರೆ ಎಷ್ಟು ಜನರ ಕಸುಬು ಹೋಗುತ್ತದೆ ಎಂಬ ಲೆಕ್ಕವೇ ಕೈಯಲ್ಲಿ ಇಲ್ಲದೆ ಮೇಜಿಗೆ ಹೋದರೆ, ಎದುರಿನವರು ಕೊಟ್ಟ ಲೆಕ್ಕವನ್ನೇ ನಂಬಬೇಕಾಗುತ್ತದೆ. ಇದಕ್ಕೆ ಯಾವ ಶ್ರೀಮಂತ ದೇಶದ ಅಪ್ಪಣೆಯೂ ಬೇಕಿಲ್ಲ.

ಹತ್ತಿಯ ಆ ನಾಲ್ಕು ದೇಶಗಳು ಏನಾದವು ಎಂದು ಕೇಳಬಹುದು. ಅವು ಸುಮ್ಮನಾಗಲಿಲ್ಲ. ಸಮ್ಮೇಳನದಿಂದ ಸಮ್ಮೇಳನಕ್ಕೆ ಅದೇ ಬೇಡಿಕೆ ಹಿಡಿದು ಹೋದವು. 2015ರಲ್ಲಿ ನೈರೋಬಿಯಲ್ಲಿ ಹತ್ತಿಯ ರಫ್ತು ಸಬ್ಸಿಡಿ ನಿಲ್ಲಿಸುವ ತೀರ್ಮಾನವಾಯಿತು. ದರ ಬೀಳಿಸುವ ಅಸಲಿ ಸಬ್ಸಿಡಿ, ಅಂದರೆ ದೇಶದೊಳಗೆ ಬೆಳೆಗಾರರಿಗೆ ಕೊಡುವ ಹಣ, ಮುಟ್ಟದೆ ಉಳಿಯಿತು. 2019ರ ಅಕ್ಟೋಬರ್ 7ರಂದು ಈ ನಾಲ್ಕು ದೇಶಗಳ ಒತ್ತಾಸೆಯಿಂದ ಡಬ್ಲ್ಯೂಟಿಒ ಕಚೇರಿಯಲ್ಲಿ ವಿಶ್ವ ಹತ್ತಿ ದಿನ ಆಚರಿಸಿದರು. ಎರಡು ವರ್ಷದ ನಂತರ ವಿಶ್ವಸಂಸ್ಥೆಯೂ ಅದಕ್ಕೆ ಮುದ್ರೆ ಒತ್ತಿತು. ಆ ದಿನಾಚರಣೆಗೆ ಯಾರ ಆಕ್ಷೇಪವೂ ಬರಲಿಲ್ಲ.